ಬೆಸುಗೆಯಕ್ಕನ ಎರವಲು ಮೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಬೆಸುಗೆಯಕ್ಕ ಕುಕ್ಕರುಗಾಲಿನಲ್ಲಿ ಕೂತು ಒಲೆ ಊದುತ್ತಿದ್ದಾರೆ. ಒಲೆಯ ಮೇಲಿರುವುದು ಅಡುಗೆ ಪಾತ್ರೆಯಲ್ಲ, ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಸ್ನಾನದ ತೊಟ್ಟಿ. ಅಂಚಿನ ಬಿಳಿ ಬಣ್ಣ ಚಕ್ಕೆಯೆದ್ದು ಒಳಗಿನ ಕಬ್ಬಿಣ ಕಾಣುತ್ತದೆ. ತೊಟ್ಟಿಯ ತುಂಬ ನೀರು. ವಾರವಿಡೀ ಸುರಿದು ನಿನ್ನೆ ನಿಂತ ಅಕಾಲ ಮಳೆಗೆ ನೆನೆದ ಸೌದೆ ಮುನಿಸಿಕೊಂಡ ನೆಂಟನ ಹಾಗೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಕಣ್ಣಲ್ಲಿ ನೀರು ಸುರಿದರೂ ಅಕ್ಕ ಊದುಗೊಳವೆ ಕೆಳಗಿಡುವುದಿಲ್ಲ.

"ಈ ಕೆಲಸ ಮೊನ್ನೆಯೇ ಮಾಡಿದ್ದರೆ ಇವತ್ತು ಹೊದ್ದು ಮಲಗಬಹುದಿತ್ತು," ಎಂದು ಒಲೆಗೇ ಹೇಳುತ್ತಾರೆ.

ಪಕ್ಕದಲ್ಲಿ ಬಾಗಿಲು ತೆರೆದುಕೊಂಡು ನಿಂತಿರುವ ಹಳೆಯ ನೀಲಿ ಕಾರು. ಒಳಗೆ ಡ್ಯಾಶ್‌ಬೋರ್ಡ್ ಇರಬೇಕಾದ ಜಾಗ ಬರಿದಾಗಿದೆ. ತಂತಿಗಳೂ ಕೊಳವೆಗಳೂ ಕರುಳಿನಂತೆ ಜೋತಾಡುತ್ತಿವೆ. ಅಲ್ಲಿಂದ ತೆಗೆದ ವಸ್ತು ಬೆಂಚಿನ ಮೇಲೆ ಗೋಣಿತಟ್ಟಿನಲ್ಲಿ ಮಲಗಿದೆ. ಹೀಟರ್ ಕೋರ್ ಎಂದು ಇದರ ಹೆಸರು. ದಪ್ಪ ಪುಸ್ತಕದಷ್ಟು ಗಾತ್ರದ, ತಾಮ್ರ ಹಿತ್ತಾಳೆಯ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿನೀರು ಇದರೊಳಗೆ ಸುತ್ತುತ್ತದೆ, ಹಿಂದಿನಿಂದ ಫ್ಯಾನು ಗಾಳಿ ಬೀಸುತ್ತದೆ, ಚಳಿಯಲ್ಲಿ ಕಾರಿನೊಳಗೆ ಕೂತವರ ಕಾಲು ಬೆಚ್ಚಗಾಗುತ್ತದೆ. ಇದು ಸೋರಿದರೆ ಕಾಲು ಒದ್ದೆ, ಗಾಜು ಮಬ್ಬು, ಒಳಗೆಲ್ಲ ಒಂದು ಸಿಹಿ ನಾತ.

ನೀಲಿ ಕಾರು ನಿವೃತ್ತ ಅಂಚೆಯಣ್ಣನದು. ಘಟ್ಟದ ಆಚೆಯ ಊರಿನ ಆಸ್ಪತ್ರೆಯಲ್ಲಿ ಅವರ ಹೆಂಡತಿಯ ಅಕ್ಕನಿಗೆ ನಾಳೆ ಬೆಳಿಗ್ಗೆ ಆಪರೇಷನ್. ತಂಗಿ ಬರದೆ ಒಳಗೆ ಹೋಗುವುದಿಲ್ಲ ಎಂದು ಆ ಅಕ್ಕ ಹಟ ಹಿಡಿದಿದ್ದಾರೆ. ತಂಗಿಗೋ ಉಬ್ಬಸ. ತಣ್ಣನೆ ಗಾಳಿ ತಾಕಿದರೆ ಎದೆ ಸಿಳ್ಳೆ ಹಾಕುತ್ತದೆ, ಈ ಸಿಹಿ ನಾತ ಬಡಿದರೆ ಕೆಮ್ಮು ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಮಂಜು ಕವಿಯುವ ಘಟ್ಟದ ಮೇಲೆ ಬಸ್ಸು ಓಡುವುದಿಲ್ಲ. ಉಳಿದಿರುವುದು ಈ ಕಾರು. ಹೊತ್ತು ಇಳಿಯುವ ಮೊದಲು ಘಟ್ಟ ದಾಟಬೇಕಾದರೆ ಮಧ್ಯಾಹ್ನದೊಳಗೆ ಅದು ಈ ಶೆಡ್ಡಿನಿಂದ ಹೊರಡಬೇಕು. ಇದೇ ಹೀಟರನ್ನು ಒಮ್ಮೆ ಬೆಸೆದು, ಕೂರಿಸಿ, ಮತ್ತೆ ಬಿಚ್ಚಿದ್ದಾಗಿದೆ. ಬೆಸುಗೆಯಕ್ಕ ಇಷ್ಟು ವರ್ಷದಲ್ಲಿ ಒಂದೇ ಕೆಲಸಕ್ಕೆ ಎರಡು ಸಲ ಕೈ ಹಾಕಿದ್ದು ಕಡಿಮೆ.

ಈ ವಿದ್ಯೆ ಅವರಿಗೆ ಬಂದದ್ದು ಮಾವನಿಂದ. ಮಾವ ಮೊದಲು ಮನೆಮನೆಯ ತಾಮ್ರದ ಹಂಡೆಗಳಿಗೆ ತೇಪೆ ಹಾಕುತ್ತಿದ್ದವರು. ಊರಿಗೆ ಕಾರುಗಳು ಬಂದ ಮೇಲೆ ಅದೇ ಬೆಸುಗೆ ಸಲಾಕೆ ಹಿಡಿದು ರೇಡಿಯೇಟರಿಗೆ ಇಳಿದರು. ಒಬ್ಬನೇ ಮಗ ಬೇಕರಿಯ ಒಲೆಗೆ ಒಲಿದ. "ಇಬ್ಬರಿಗೂ ಬೆಂಕಿ ಅಂದರೆ ಇಷ್ಟ. ಅವರದು ಬ್ರೆಡ್ಡು, ನಂದು ಸೀಸ. ಅದಕ್ಕೇ ಸಂಸಾರ ಕಾವಾರಿಲ್ಲ," ಎಂದು ಅಕ್ಕ ಗಂಡನ ಬಗ್ಗೆ ಹೇಳಿ ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತಾರೆ.

ಹೊಸದಾಗಿ ಬಂದ ಸೊಸೆಯ ಕೆಲಸ ಶೆಡ್ಡಿಗೆ ಚಹಾ ತಂದು ಕೊಡುವುದು. ಒಂದು ದಿನ ಮಾವ ಹೀಟರಿಗೆ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಹುಡುಕುತ್ತಿದ್ದರು. ಕನ್ನಡಕದ ಮೇಲೆ ಹಬೆ ಕೂತು ಅವರಿಗೆ ಕಾಣುತ್ತಿರಲಿಲ್ಲ. ಲೋಟ ಹಿಡಿದು ನಿಂತ ಸೊಸೆ, "ಮಾವ, ಅಲ್ಲಲ್ಲ, ಆ ಕಡೆ ಮೂಲೆಯಲ್ಲಿ," ಎಂದರಂತೆ. ಮಾವ ತಲೆಯೆತ್ತಿ ನೋಡಿ, ಲೋಟ ಇಸಿದುಕೊಂಡು, ಅವರ ಕೈಗೆ ಇಕ್ಕಳ ಕೊಟ್ಟರು. ಮರುದಿನದಿಂದ ಚಹಾ ಮಾಡುವ ಸರದಿ ಅತ್ತೆಗೆ ಬಂತು. ಅತ್ತೆ ಅದನ್ನು ಕೊನೆಯವರೆಗೂ ಆಡಿಕೊಂಡರು.

ಆ ದಿನಗಳನ್ನು ನೆನೆಯುವಾಗ ಅಕ್ಕನ ದನಿ ಮೆತ್ತಗಾಗುತ್ತದೆ. ಚಳಿ ಶುರುವಾಯಿತೆಂದರೆ ಶೆಡ್ಡಿನಿಂದ ಓಣಿಯ ತಿರುವಿನವರೆಗೆ ಕಾರುಗಳ ಸಾಲು. ಡ್ರೈವರುಗಳು ತೊಟ್ಟಿಯ ಸುತ್ತ ಕೈ ಕಾಯಿಸಿಕೊಳ್ಳುತ್ತ ನಿಲ್ಲುತ್ತಿದ್ದರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಅಣ್ಣ ತಮ್ಮಂದಿರು ಮಾತು ಬಿಟ್ಟರು, ಎಲ್ಲ ಸುದ್ದಿಯೂ ಆ ನೀರಿನ ಮೇಲೆಯೇ ತೇಲುತ್ತಿತ್ತು. ಮಾವ ಯಾರನ್ನೂ ನೋಡದೆ ಕೆಲಸ ಮಾಡುತ್ತಿದ್ದರು. ಅವರ ಅಂಗಿ ಯಾವಾಗಲೂ ರಾಳದ ಹೊಗೆಯ ವಾಸನೆ ಹೊಡೆಯುತ್ತಿತ್ತು. ಬೆಸುಗೆ ಹಿಡಿಯಲೆಂದು ಹಚ್ಚುವ ರಾಳಕ್ಕೆ ಬಿಸಿ ಸಲಾಕೆ ಮುಟ್ಟಿದರೆ ಬಿಳಿ ಹೊಗೆ ಏಳುತ್ತದೆ. ಮರದ ಅಂಟು ಸುಟ್ಟ ಹಾಗೆ, ಕೊಂಚ ಕಹಿ, ಕೊಂಚ ಘಮ. ಮಾವ ಮನೆಯ ಹೊಸ್ತಿಲು ದಾಟುವ ಮೊದಲೇ ಆ ವಾಸನೆ ಒಳಗೆ ಬಂದು ಕೂರುತ್ತಿತ್ತು.

ಈಗ ಸಾಲಿಲ್ಲ. ಹೊಸ ಕಾರುಗಳ ಹೀಟರು ಅಲ್ಯೂಮಿನಿಯಮ್ಮಿನದು, ಎರಡು ತುದಿಗೆ ಪ್ಲಾಸ್ಟಿಕ್ಕು. ಸೋರಿದರೆ ಎಸೆದು ಬೇರೆ ಹಾಕಬೇಕು, ಬೆಸುಗೆ ಹಿಡಿಯುವುದಿಲ್ಲ. ಹಳೆಯ ಕಾರುಗಳಿಗೆ ಬೇರೆ ಹೀಟರೇ ಸಿಗುವುದಿಲ್ಲ. ಹಾಗಾಗಿ ಅವುಗಳ ಮಾಲೀಕರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಾರೆ. ದಿನಕ್ಕೊಂದು ಬಂದರೆ ಹೆಚ್ಚು. ಹಿಂದಿನ ಬೀದಿಯ ದೊಡ್ಡ ಗ್ಯಾರೇಜಿನವರು ಇಂಥ ಕಾರುಗಳಿಗೆ ಸುಲಭದ ದಾರಿ ತೋರಿಸುತ್ತಾರೆ. ಹೀಟರಿಗೆ ಹೋಗುವ ಎರಡು ಪೈಪನ್ನೂ ಎಂಜಿನ್ನಿನ ಹತ್ತಿರವೇ ಒಂದಕ್ಕೊಂದು ಜೋಡಿಸಿಬಿಡುವುದು. ನೀರು ಒಳಗೆ ಬರುವುದೇ ಇಲ್ಲ, ಸೋರುವುದೂ ಇಲ್ಲ, ಬಿಸಿಯೂ ಇಲ್ಲ. ಅಂಚೆಯಣ್ಣನಿಗೂ ಮೊದಲು ಅದನ್ನೇ ಹೇಳಿದ್ದರಂತೆ.

"ಹಲ್ಲು ನೋವು ಅಂದರೆ ಊಟ ಬಿಡು ಅಂದ ಹಾಗೆ," ಎನ್ನುತ್ತಾರೆ ಅಕ್ಕ. "ಒಂದೊಂದು ಸಲ ಅದೂ ಬೇಕಾಗುತ್ತೆ, ಇಲ್ಲ ಅನ್ನಲ್ಲ. ಆದರೆ ಆ ತಾಯಿಗೆ ಬೇಕಾಗಿದ್ದು ಕಾವು."

ಸೋರಿಕೆ ಪತ್ತೆ ಮಾಡುವುದೇ ಈ ಕೆಲಸದ ಅರ್ಧ. ಕಾರಿನ ಕೆಳಗೆ ಒಂದು ಹನಿಯೂ ಬೀಳದೆ ಎಂಜಿನ್ನಿನ ನೀರಿಗೆ ಬೆರೆಸುವ ಕೂಲಂಟ್ ಮಾತ್ರ ಕಡಿಮೆಯಾಗುತ್ತಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ ಎಂದು ಲೆಕ್ಕ. ಹಾಗೆಂದು ಕಾರ್ಪೆಟ್ಟು ಒದ್ದೆಯಾದ ತಕ್ಷಣ ಹೀಟರಿನ ಮೇಲೆ ಗೂಬೆ ಕೂರಿಸುವಂತಿಲ್ಲ. ಗಾಜಿನ ಬುಡದ ನೀರು ಹೋಗುವ ತೂತಿಗೆ ತರಗೆಲೆ ಸಿಕ್ಕಿಕೊಂಡರೂ ಮಳೆನೀರು ಒಳಗೆ ಇಳಿಯುತ್ತದೆ. ಅಕ್ಕ ಕಾರ್ಪೆಟ್ಟನ್ನು ಒತ್ತಿ ಬೆರಳು ಉಜ್ಜಿ ನೋಡುತ್ತಾರೆ. ಮಳೆನೀರು ಆರುತ್ತದೆ, ಕೂಲಂಟ್ ಜಾರುತ್ತದೆ. ಹಿಂದಿನವರು ನಾಲಿಗೆಗೂ ಮುಟ್ಟಿಸಿ ನೋಡುತ್ತಿದ್ದರಂತೆ. ಅದು ಸಿಹಿಯಾದ ವಿಷ, ಮಾವ ಆ ಚಾಳಿಯನ್ನು ಶೆಡ್ಡಿನೊಳಗೆ ಬಿಟ್ಟುಕೊಂಡಿರಲಿಲ್ಲ. ಓಣಿಯ ಮೋಟುಬಾಲದ ಬೆಕ್ಕಿಗೆ ಇದು ಗೊತ್ತಿಲ್ಲವಲ್ಲ ಎಂದು ಅಕ್ಕ ಇಂದಿಗೂ ಕೂಲಂಟ್ ಇಳಿಸಿದ ಬೋಗುಣಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೊಂದು ಕಲ್ಲು ಹೇರುತ್ತಾರೆ.

ಆದರೆ ಕೊನೆಯ ತೀರ್ಪು ಯಾವಾಗಲೂ ಮೂಗಿನದು. ಎಂಜಿನ್ ಬಿಸಿಯಾದ ಮೇಲೆ ಫ್ಯಾನು ಹಾಕಿ, ಬಾಗಿಲು ಮುಚ್ಚಿ, ಮುಂದಿನ ಸೀಟಿನಲ್ಲಿ ಸುಮ್ಮನೆ ಕೂರಬೇಕು. ಹಳೆಯ ಸೋರಿಕೆಯದು ಹಳಸಿದ ಪಾಕದ ಹುಳಿ ವಾಸನೆ. ಕಾರ್ಪೆಟ್ಟಿನ ಕೆಳಗಿನ ಮೆತ್ತೆಯಲ್ಲಿ ಅದು ಎಷ್ಟೋ ದಿನ ಉಳಿಯುತ್ತದೆ. ಹೊಸ ಸೋರಿಕೆಯದು ಆಗಷ್ಟೇ ಕುದಿ ಬಂದ ಪಾಕದ ಹಸಿ ಸಿಹಿ. ಇವೆರಡರ ನಡುವಿನ ಕೂದಲೆಳೆಯ ವ್ಯತ್ಯಾಸವನ್ನು ಹಿಡಿಯುವವರು ಎಂದೇ ಬೆಸುಗೆಯಕ್ಕನಿಗೆ ಹೆಸರು.

ಆ ಮೂಗು ಹೋಗಿ ಎರಡು ಚಳಿಗಾಲವಾಯಿತು.

ಒಂದು ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಅಕ್ಕ ಯಾರಿಗೂ ಹೇಳಲಿಲ್ಲ. ಬೆರಳಿನಿಂದ, ಗಾಜಿನ ಮಬ್ಬಿನಿಂದ ಹೇಗೋ ಕೆಲಸ ತೂಗಿಸಿದರು. ಗುಟ್ಟು ಒಡೆದದ್ದು ಅಡುಗೆಮನೆಯಲ್ಲಿ. ಒಲೆಯ ಮುಂದೆಯೇ ನಿಂತಿದ್ದಾರೆ, ಹಾಲು ಸೀದು ಕರಕಲಾಗುತ್ತಿದೆ, ಅವರು ಕಿಟಕಿಯಾಚೆ ನೋಡುತ್ತಿದ್ದಾರೆ. ಮುಂದಿನ ಕೋಣೆಯಿಂದ ಓಡಿ ಬಂದು ಒಲೆ ಆರಿಸಿದ ನಾದಿನಿ ಅತ್ತಿಗೆಯ ಮುಖ ನೋಡಿದರು, ಪಾತ್ರೆ ನೋಡಿದರು, ಒಂದೂ ಮಾತಾಡದೆ ತಿಕ್ಕಲು ಕೂತರು.

ಆ ನಾದಿನಿ ಸುಮ್ಮನಿದ್ದದ್ದೇ ಆ ಮನೆಯಲ್ಲಿ ದೊಡ್ಡ ಸುದ್ದಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡವರು. ಕೊರಳಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ಸದಾ ಒಂದು ಕೊಂಕು. "ಅತ್ತಿಗೆ ಒಳಗೆ ಬಂದರೆ ಕಾರೇ ಒಳಗೆ ಬಂದ ಹಾಗೆ," ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅತ್ತಿಗೆಯ ಸೀರೆ ಬೇರೆ ಹಗ್ಗದ ಮೇಲೆ ಒಣಗಬೇಕು. ಗ್ರಾಹಕರ ಬಟ್ಟೆಗೆ ವಾಸನೆ ಹತ್ತುತ್ತದೆ ಎಂದು ಶೆಡ್ಡಿನ ಕಡೆಯ ನಡುಬಾಗಿಲು ಮುಚ್ಚಿರಬೇಕು. ಹತ್ತಾರು ವರ್ಷ ಒಂದೇ ಸೂರಿನಡಿ ಇದ್ದರೂ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಹಾಲು ಸೀದ ಕೆಲವು ದಿನಗಳ ಮೇಲೆ ನಾದಿನಿ ಮೊದಲ ಸಲ ಚಹಾ ಹಿಡಿದು ಶೆಡ್ಡಿಗೆ ಬಂದರು. ಅಲ್ಲೊಂದು ಕಾರಿನ ಗಾಜು ಒರೆಸುತ್ತ ಅಕ್ಕ ಹೀಟರೋ ಮಳೆನೀರೋ ಎಂದು ತಿಣುಕುತ್ತಿದ್ದರು. ನಾದಿನಿ ಲೋಟ ಇಟ್ಟು, ಹೇಳದೆ ಕೇಳದೆ ಮುಂದಿನ ಸೀಟಿನಲ್ಲಿ ಕೂತು, "ಸಿಹಿ ನಾರ್ತಿದೆ ಅತ್ತಿಗೆ. ಇಷ್ಟು ವರ್ಷ ನಿಮ್ಮ ಸೀರೆ ನಾರ್ತಿದ್ದ ಹಾಗೇ," ಎಂದರು.

ಅವತ್ತಿನಿಂದ ಅದೇ ಪದ್ಧತಿ. ಎಂಜಿನ್ ಬಿಸಿಯಾಗುತ್ತಿದ್ದಂತೆ ಅಕ್ಕ ಗೋಡೆ ತಟ್ಟುತ್ತಾರೆ. ಹೊಲಿಗೆ ಯಂತ್ರ ನಿಲ್ಲುತ್ತದೆ. ನಾದಿನಿ ಬಂದು ಕೂತು ಕಣ್ಣು ಮುಚ್ಚುತ್ತಾರೆ. ಗಿರಾಕಿಗಳ ಕಣ್ಣಿಗೆ ಅದು ಚಹಾ ತಂದ ಹೆಂಗಸು ದಣಿವಾರಿಸಿಕೊಂಡಂತೆ ಕಾಣುತ್ತದೆ. ಮೂಗಿಲ್ಲದ ಬೆಸುಗೆಯಕ್ಕ ಎಂದು ಊರಿಗೆ ತಿಳಿದರೆ ಉಳಿದ ನಾಲ್ಕು ಕಾರೂ ಹಿಂದಿನ ಬೀದಿಗೆ ತಿರುಗುತ್ತವೆ ಎಂಬ ಭಯ ಅಕ್ಕನಿಗೆ. ಹಾಗಾಗಿ ಹೊರಗೆ ಬಂದ ಮೇಲೆ ನಾದಿನಿ ಟೇಪನ್ನು ಬಲಕ್ಕೆ ಎಳೆದರೆ ಸೋರಿಕೆ ಇದೆ, ಎಡಕ್ಕೆ ಎಳೆದರೆ ಇಲ್ಲ.

ನೀಲಿ ಕಾರಿನ ವಿಷಯದಲ್ಲಿ ಕೈಕೊಟ್ಟದ್ದು ಮೂಗಲ್ಲ, ಒಲೆ. ಮಾವನದೊಂದು ಕಟ್ಟುನಿಟ್ಟಿತ್ತು: ಬಿಸಿಯಲ್ಲಿ ದುಡಿಯುವುದನ್ನು ತಣ್ಣೀರಿನಲ್ಲಿ ಪರೀಕ್ಷೆ ಮಾಡಬೇಡ. ಕೆಲವು ಬಿರುಕುಗಳು ಮಹಾ ಸಂಭಾವಿತರು. ತಣ್ಣಗಿರುವಾಗ ಬಾಯಿ ಮುಚ್ಚಿಕೊಂಡಿರುತ್ತವೆ, ಲೋಹ ಕಾದು ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಅದಕ್ಕೇ ದಿನಾ ಬೆಳಿಗ್ಗೆ ತೊಟ್ಟಿಯ ಕೆಳಗೆ ಒಲೆ. ಮೊನ್ನೆ ಸೌದೆ ಹತ್ತಲಿಲ್ಲ, ಅಂಚೆಯಣ್ಣ ಎರಡು ಸಲ ಬಂದು ವಿಚಾರಿಸಿ ಹೋದರು, ಅವರ ಅವಸರ ಅಕ್ಕನಿಗೂ ಅಂಟಿತು. ಕಣ್ಣಿಗೆ ಕಂಡ ತೂತು ಬೆಸೆದು, ತಣ್ಣೀರಿನಲ್ಲಿ ಅದ್ದಿ ನೋಡಿದರು. ಗುಳ್ಳೆ ಬರಲಿಲ್ಲ. ಕೂರಿಸಿಬಿಟ್ಟರು.

ನಿನ್ನೆ ಸಂಜೆ ಗಂಡ ಹೆಂಡತಿ ಇಬ್ಬರೂ ಕಾರು ಒಯ್ಯಲು ಬಂದರು. ಎಂಜಿನ್ ಕಾಯಿತು, ಫ್ಯಾನು ತಿರುಗಿತು, ಬೆಚ್ಚನೆ ಗಾಳಿ ಬಂತು. ನಾದಿನಿ ಕೂತು ಎದ್ದು ಟೇಪನ್ನು ಬಲಕ್ಕೆ ಎಳೆದರು.

ಅದು ಮೆತ್ತೆಯ ಹಳೇ ವಾಸನೆ ಇರಬೇಕು ಎಂದು ಅಕ್ಕ ಕಣ್ಣಲ್ಲೇ ಅಂದರು. ನಾದಿನಿ ಮತ್ತೆ ಬಲಕ್ಕೆ ಎಳೆದರು. ಅಕ್ಕ ಮುಖ ತಿರುಗಿಸಿಕೊಂಡು ಬಾನೆಟ್ ಮುಚ್ಚಲು ಹೋದಾಗ ನಾದಿನಿಗೆ ತಡೆಯಲಾಗಲಿಲ್ಲ.

"ಹಳೇದಲ್ಲ ಅತ್ತಿಗೆ, ಹಸಿ ವಾಸನೆ. ಮೆತ್ತೆ ನಾನೇ ಬಿಸಿನೀರಲ್ಲಿ ತೊಳೆದು ಒಣಗಿಸಿದ್ದು, ಅದರಲ್ಲಿ ಸೋಪಿನ ವಾಸನೆ ಬಿಟ್ಟು ಇನ್ನೇನಿಲ್ಲ."

ಇರಲಿ ಬಿಡಿ, ಸ್ವಲ್ಪ ತಾನೇ, ಹೇಗೋ ಹೋಗಿಬರುತ್ತೇವೆ ಎಂದು ಅಂಚೆಯಣ್ಣ ಡ್ರೈವರ್ ಸೀಟಿನ ಬಾಗಿಲಿಗೆ ಕೈ ಹಾಕಿದರು. ಅಕ್ಕ ಬಿಡಲಿಲ್ಲ. ನಾದಿನಿಯ ಹೆಗಲ ಮೇಲಿದ್ದ ಬಿಳಿ ಬಟ್ಟೆಯ ತುಂಡು ಎಳೆದುಕೊಂಡು, ಬೆಳಿಗ್ಗೆಯಷ್ಟೇ ತೊಳೆದಿದ್ದ ಗಾಜನ್ನು ಒಳಗಿನಿಂದ ಒರೆಸಿ, ಬೆರಳಲ್ಲಿ ಉಜ್ಜಿ ನೋಡಿದರು. ಜಾರಿತು. ಎಂಜಿನ್ ಆರಿಸಿದರು.

"ಅಣ್ಣಾ, ತಪ್ಪು ನಂದು. ತಣ್ಣೀರಲ್ಲಿ ನೋಡಿ ಕೂರಿಸಿಬಿಟ್ಟೆ," ಎಂದರು. ಆಮೇಲೆ, ಯಾರೂ ಕೇಳದಿದ್ದರೂ, "ಇನ್ನೊಂದು ಮಾತು. ನನಗೆ ವಾಸನೆ ಗೊತ್ತಾಗೋದಿಲ್ಲ. ಎರಡು ವರ್ಷದಿಂದ ಈ ಶೆಡ್ಡಿನ ಮೂಗು ಇವಳೇ. ಕಾರು ಬೇರೆ ಕಡೆ ಒಯ್ಯೋದಾದರೆ ಬೇಜಾರಿಲ್ಲ," ಎಂದರು.

ಅಂಚೆಯಣ್ಣ ಹೆಂಡತಿಯ ಕಡೆ ನೋಡಿದರು. ಆಕೆ ಹೂಂ ಎಂದು ಕತ್ತು ಆಡಿಸಿದರು. ಅಂಚೆಯಣ್ಣ ಅಂದದ್ದಿಷ್ಟು: "ನೌಕರಿಯ ಕೊನೇ ವರ್ಷಗಳಲ್ಲಿ ನನಗೆ ಹತ್ತಿರದ ಅಕ್ಷರ ಕಾಣ್ತಿರಲಿಲ್ಲ ತಾಯಿ. ದಿನಾ ಬೆಳಿಗ್ಗೆ ಇವಳು ವಿಳಾಸ ಓದಿ, ಬೀದಿ ಪ್ರಕಾರ ಜೋಡಿಸಿ, ಚೀಲಕ್ಕೆ ಹಾಕಿ ಕಳಿಸ್ತಿದ್ದಳು. ಒಂದು ಕಾಗದವೂ ತಪ್ಪು ಮನೆಗೆ ಹೋಗಲಿಲ್ಲ. ನೀವು ಬಿಚ್ಚಿ."

ಬಿಚ್ಚಿದರು. ಬೇಕರಿಯಿಂದ ಬಂದ ಅಕ್ಕನ ಗಂಡ ಲಾಟೀನು ಹಿಡಿದರು. ಕತ್ತಲು ದಟ್ಟವಾಗುವ ಹೊತ್ತಿಗೆ ಹೀಟರು ಹೊರಗೆ ಬಂತು.

ಅದಕ್ಕೇ ಈ ಬೆಳಗಿನ ಒಲೆ. ಹೊತ್ತು ಮೇಲೇರುವಷ್ಟರಲ್ಲಿ ತೊಟ್ಟಿಯಿಂದ ಹಬೆ ಏಳುತ್ತಿದೆ. ಅಕ್ಕ ಹೀಟರಿನ ಒಂದು ಬಾಯಿಗೆ ಬಿರಡೆ ಬಡಿದು, ಇನ್ನೊಂದಕ್ಕೆ ಗಾಳಿಯ ಕೊಳವೆ ಸಿಕ್ಕಿಸಿ, ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಮುಳುಗಿಸುತ್ತಾರೆ. ಮೊದಲು ಏನೂ ಇಲ್ಲ. ಲೋಹ ಕಾಯಲಿ ಎಂದು ಕಾಯುತ್ತಾರೆ. ಮೊನ್ನೆಯ ಬೆಸುಗೆಯ ಪಕ್ಕದಲ್ಲೇ, ಕೊಳವೆ ಕೂಡುವ ಮೂಲೆಯಿಂದ, ಸಾಸಿವೆಯಷ್ಟು ಗುಳ್ಳೆಯೊಂದು ಇಣುಕಿ, ಯೋಚಿಸಿ, ಮೇಲೆ ಬರುತ್ತದೆ. ಅದರ ಹಿಂದೆ ಇನ್ನೊಂದು.

"ಬಾ ತಾಯಿ," ಎನ್ನುತ್ತಾರೆ ಅಕ್ಕ, ನೆಂಟರನ್ನು ಒಳಗೆ ಕರೆದ ಹಾಗೆ.

ಬಿರುಕನ್ನು ಕೆರೆದು, ಹೊಳೆಯುವವರೆಗೆ ಉಜ್ಜಿ, ರಾಳ ಹಚ್ಚಿ, ಮಾವನ ಕಾಲದ ತಾಮ್ರದ ತಲೆಯ ಸಲಾಕೆಯಿಂದ ಬೆಸುಗೆ ಹರಿಸುತ್ತಾರೆ. ಮತ್ತೆ ಬಿಸಿನೀರು. ಈ ಸಲ ನೀರು ಕಲಕುವುದಿಲ್ಲ. ಅಷ್ಟಕ್ಕೇ ನಂಬದೆ ನಾದಿನಿಯನ್ನೂ ಕರೆದು ಬಗ್ಗಿ ನೋಡಿಸುತ್ತಾರೆ. ಡ್ಯಾಶ್‌ಬೋರ್ಡ್ ಕೂರಿಸುವ ಕೆಲಸಕ್ಕೆ ಇಬ್ಬರೂ ಸೇರುತ್ತಾರೆ. ನಾದಿನಿಯ ಬೆರಳು ಸಣ್ಣ, ಸೂಜಿ ಹಿಡಿದು ಪಳಗಿದ್ದು. ಅಕ್ಕನ ಕೈ ಹೋಗದ ಸಂದಿಯ ಸ್ಕ್ರೂಗಳೆಲ್ಲ ಈಗ ಅವರ ಪಾಲು. ಒಂದು ಸ್ಕ್ರೂ ಮಿಕ್ಕರೂ ಅಪ್ಪ ಬಯ್ತಿದ್ದರು ಎಂದು ನಾದಿನಿ ಗೊಣಗುತ್ತಾರೆ. ಒಂದೂ ಮಿಗುವುದಿಲ್ಲ.

ಬಿಸಿಲು ನೆತ್ತಿಗೆ ಬರುವಾಗ ದಂಪತಿ ಬರುತ್ತಾರೆ. ಆಕೆ ಉಣ್ಣೆ ಶಾಲು ಹೊದ್ದು, ಸಣ್ಣ ಚೀಲವೊಂದನ್ನು ಎದೆಗವಚಿಕೊಂಡಿದ್ದಾರೆ. ಎಂಜಿನ್ ಕಾಯುತ್ತದೆ. ಇವತ್ತು ಟೇಪಿನ ಆಟವಿಲ್ಲ. ನಾದಿನಿ ಎಲ್ಲರ ಎದುರೇ ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚುತ್ತಾರೆ. ಅಕ್ಕ ಹೊರಗೆ ಗಾಜಿಗೆ ಮುಖ ತಂದು ನಿಂತಿದ್ದಾರೆ, ಪರೀಕ್ಷೆಯ ಕೋಣೆಯ ಹೊರಗೆ ನಿಂತ ತಾಯಿಯ ಹಾಗೆ. ಬಾಗಿಲು ತೆರೆಯುತ್ತದೆ.

"ಬಿಸ್ಕತ್ತು," ಎನ್ನುತ್ತಾರೆ ನಾದಿನಿ. "ಸೀಟಿನ ಕೆಳಗೆ ಅಂಚೆಯಣ್ಣ ಬಿಸ್ಕತ್ತಿನ ಪೊಟ್ಟಣ ಮುಚ್ಚಿಟ್ಟಿದ್ದಾರೆ. ಬೇರೆ ಏನೂ ಇಲ್ಲ."

ಡಾಕ್ಟರು ಸಕ್ಕರೆ ಬಿಡಿ ಅಂದದ್ದು ನೆನಪಿದೆಯಾ ಎಂದು ಆಕೆ ಗಂಡನನ್ನು ಕೇಳುತ್ತಲೇ ಒಳಗೆ ಕೂರುತ್ತಾರೆ. ಒಂದು ಉಸಿರು ಎಳೆದು ನೋಡುತ್ತಾರೆ, ಇನ್ನೊಂದು. ಕೆಮ್ಮು ಬರುವುದಿಲ್ಲ. ಬಗ್ಗಿ ಚಪ್ಪಲಿ ಬಿಚ್ಚಿ, ಬರಿಗಾಲನ್ನು ಗಾಳಿ ಬರುವ ಕಡೆ ಚಾಚುತ್ತಾರೆ. ನೀಲಿ ಕಾರು ಓಣಿಯ ತಿರುವು ದಾಟುವವರೆಗೂ ಶೆಡ್ಡಿನ ಬಾಗಿಲಲ್ಲಿ ಅತ್ತಿಗೆ ನಾದಿನಿ ನಿಂತಿರುತ್ತಾರೆ. ಹೊತ್ತು ಮುಳುಗುವ ಮೊದಲೇ ಅಂಚೆಯಣ್ಣನ ಫೋನು ಬರುತ್ತದೆ. ಘಟ್ಟ ಪೂರ್ತಿ ಇವಳು ನಿದ್ದೆ ಮಾಡಿದಳು, ಈಗ ತನ್ನ ಅಕ್ಕನ ಕೈ ಹಿಡಿದುಕೊಂಡು ಕೂತಿದ್ದಾಳೆ ಎಂದು.

ಮೂಗಿನ ವಿಷಯ ನಮ್ಮ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ಬೆಸುಗೆಯಕ್ಕ ಸಲಾಕೆಯ ತುದಿ ಒರೆಸುತ್ತ ಯೋಚಿಸುತ್ತಾರೆ. "ಬರೀರಿ. ಅವಳ ಮೂಗಿನ ವಿಷಯಾನೂ ಬರೀರಿ. ಬೇರೆಯವರ ಮನೇಲಿ ಮೂಗು ತೂರಿಸೋದು ಬಿಟ್ಟು ಒಳ್ಳೇ ಕೆಲಸಕ್ಕೆ ಹಾಕಿದ್ದಾಳೆ ಅಂತ." ನಡುಬಾಗಿಲಿನ ಆಚೆಯಿಂದ ಹೊಲಿಗೆ ಯಂತ್ರ ಒಂದು ಕ್ಷಣ ನಿಂತು, ಹಿಂದಿಗಿಂತ ಜೋರಾಗಿ ಓಡುತ್ತದೆ. ಆ ಬಾಗಿಲು ಈಗ ತೆರೆದೇ ಇರುತ್ತದೆ. ಸೀರೆಗಳು ಒಂದೇ ಹಗ್ಗದ ಮೇಲೆ ಒಣಗುತ್ತವೆ.

ಅಕ್ಕನ ಆಸೆಯೂ ದೊಡ್ಡದಲ್ಲ. ಸೀದ ಹಾಲು, ಹೂವು, ಸೋಪು, ಇವೆಲ್ಲ ವಾಪಸು ಬರದಿದ್ದರೂ ನಡೆಯುತ್ತದಂತೆ. "ರಾಳದ ಹೊಗೆ ಒಂದು ಸಲ ಮೂಗಿಗೆ ಬಂದರೆ ಸಾಕು. ಅದಿಲ್ಲದೆ ಬೆಸೆದರೆ ಯಾರದೋ ಮನೆ ಕೆಲಸ ಮಾಡಿದ ಹಾಗಾಗುತ್ತೆ."

ಮರುದಿನ ಬೆಳಿಗ್ಗೆ ಮತ್ತೆ ಒಲೆ, ಮತ್ತೆ ತೊಟ್ಟಿ, ಯಾರದೋ ಇನ್ನೊಂದು ಹೀಟರು. ಚಹಾ ಹಿಡಿದು ನಾದಿನಿ ಬೆಂಚಿನ ಪಕ್ಕ ನಿಂತಿದ್ದಾರೆ. ಕಾದ ಸಲಾಕೆ ರಾಳಕ್ಕೆ ಮುಟ್ಟಿ ಬಿಳಿ ಹೊಗೆಯ ಎಳೆ ಮೇಲೇಳುತ್ತದೆ. ಬೆಸುಗೆಯಕ್ಕ ಹೊಗೆಯನ್ನು ನೋಡುವುದಿಲ್ಲ, ನಾದಿನಿಯ ಮುಖ ನೋಡುತ್ತಾರೆ.

"ಬಂತಾ?"

"ಬಂತು ಅತ್ತಿಗೆ."

"ಹೇಗಿದೆ?"

ನಾದಿನಿ ಕಣ್ಣು ಮುಚ್ಚಿಯೇ ಹೇಳುತ್ತಾರೆ: "ಅಪ್ಪ ಹೊಸ್ತಿಲ ಹತ್ತಿರ ಬಂದ ಹಾಗಿದೆ."